ಅಪ್‌ಡೇಟ್: ಕೊಲ್ಹಾರದ ಹತ್ತಿರ ನಿಲ್ಲುತ್ತಿದ್ದ ಬೈಕಿನ ಕಾಯಿಲೆ ಸಿಕ್ಕಿತು

ವಿಜಯಪುರದಲ್ಲಿ ಕೊಂಡ ಹಳೆಯ 150 ಸಿಸಿ ಕಾರ್ಬ್ಯುರೇಟರ್ ಬೈಕು ಊರೊಳಗೆ ಚೆನ್ನಾಗಿ ಓಡುತ್ತದೆ, ಬಾಗಲಕೋಟೆ ರಸ್ತೆ ಹಿಡಿದು ಕೊಲ್ಹಾರ ಸಮೀಪಿಸುವಷ್ಟರಲ್ಲಿ ಮುಗ್ಗರಿಸಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗದಂತೆ ಶುರುವಾಗುತ್ತದೆ, ಕಾರಣ ಏನಿರಬಹುದು ಎಂದು ಈ ಹಿಂದೆ ನಿಮ್ಮನ್ನು ಕೇಳಿದ್ದೆ. ಕೆಲವರು ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಕಾಯಿಲ್ ಕೆಟ್ಟಿದೆ ಎಂದಿರಿ, ಕೆಲವರು ಎಂಜಿನ್ನಿನೊಳಗಿನ ಪಿಸ್ಟನ್ ಎಂದಿರಿ. ಇಲ್ಲಿನ ಮೆಕ್ಯಾನಿಕ್ ಒಬ್ಬರಂತೂ ಎಂಜಿನ್ ಬಿಚ್ಚಲು ಪಾನಾ ಹಿಡಿದೇ ನಿಂತಿದ್ದರು.

ದೋಷ ಇದ್ದದ್ದು ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿ! ಬೈಕು ನಿಂತ ಕೂಡಲೇ ಮುಚ್ಚಳ ತೆರೆದೆ. ‘ಸುಸ್’ ಎಂದು ಗಾಳಿಯನ್ನು ಒಳಗೆಳೆದುಕೊಂಡಿತು. ಕಿಕ್ ಹೊಡೆದರೆ ಸ್ವಲ್ಪದರಲ್ಲೇ ಶುರು. ಮುಚ್ಚಳದ ಗಾಳಿರಂಧ್ರ ಧೂಳು, ತುಕ್ಕಿನಿಂದ ಕಟ್ಟಿಕೊಂಡಿತ್ತು. ಪೆಟ್ರೋಲ್ ಖಾಲಿಯಾದ ಜಾಗಕ್ಕೆ ಗಾಳಿ ಬಾರದೆ ಒಳಗೆ ನಿರ್ವಾತ ಉಂಟಾಗಿ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿಗೆ ಪೆಟ್ರೋಲ್ ಇಳಿಯುವುದೇ ನಿಲ್ಲುತ್ತಿತ್ತು. ಊರೊಳಗಿನ ನಿಧಾನದ ಓಟಕ್ಕೆ ಅಲ್ಪಸ್ವಲ್ಪ ನುಸುಳುವ ಗಾಳಿಯೇ ಸಾಲುತ್ತಿತ್ತು. ಸ್ಪಾರ್ಕ್ ಪ್ಲಗ್ಗಿನ ತುದಿ ಬೆಳ್ಳಗಿದ್ದುದೂ ಇದಕ್ಕೆ ಹೊಂದುತ್ತದೆ: ಎಂಜಿನ್ನಿಗೆ ಹೋಗುವ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು.

ರಂಧ್ರಕ್ಕೆ ಸಣ್ಣ ತಂತಿ ಆಡಿಸಿ, ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿದೆ. ಈಗ ಕೃಷ್ಣೆಯ ಸೇತುವೆ ದಾಟಿ ಬಾಗಲಕೋಟೆಯವರೆಗೂ ಒಂದೇ ಓಟ. ಚೈನಿನ ಸದ್ದು ಮಾತ್ರ ಹಾಗೆಯೇ ಇದೆ; ಚೈನ್ ಕೂರುವ ಹಲ್ಲಿನ ಚಕ್ರದ, ಅಂದರೆ ಸ್ಪ್ರಾಕೆಟ್ಟಿನ ಹಲ್ಲುಗಳು ಕೊಕ್ಕೆಯಂತೆ ಸವೆದಿವೆ. ಮುಂದಿನ ಸಂಬಳಕ್ಕೆ ಚೈನ್ ಸಮೇತ ಪೂರ್ತಿ ಸೆಟ್ ಬದಲಿಸುತ್ತೇನೆ.