ಅಪ್‌ಡೇಟ್: ಅಪ್ಪನ ಪಾಲಿಪ್ ಬಯಾಪ್ಸಿ ರಿಪೋರ್ಟ್ ಬಂತು

ಅಪ್ಪನ ದೊಡ್ಡ ಕರುಳಿನಲ್ಲಿ ಎರಡು ಪಾಲಿಪ್ (ಒಳಗೋಡೆಯಲ್ಲಿ ಬೆಳೆಯುವ ಗಂಟು) ಸಿಕ್ಕಿವೆ, ಇದು ಕ್ಯಾನ್ಸರಾ ಅಂತ ಕೇಳಿದ್ದೆ. ಅಲ್ಲ! ಧೈರ್ಯ ಹೇಳಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಗುದನಾಳದಲ್ಲಿದ್ದ 3 ಮಿ.ಮೀ. ಗಂಟು ಹೈಪರ್‌ಪ್ಲಾಸ್ಟಿಕ್, ಅಂದರೆ ಮಾಮೂಲಿ ಜೀವಕೋಶಗಳೇ ಹೆಚ್ಚಾಗಿ ಬೆಳೆದದ್ದು. ಅಲ್ಲಿ ಸಿಗುವ ಇಂಥ ಪುಟ್ಟ ಗಂಟು ಕ್ಯಾನ್ಸರ್ ಆಗುವುದು ಇಲ್ಲವೆನ್ನುವಷ್ಟು ಕಡಿಮೆ. ಅದರ ಚಿಂತೆ ಬಿಟ್ಟೆವು.

ಇನ್ನೊಂದು 12 ಮಿ.ಮೀ. ರಿಪೋರ್ಟಿನಲ್ಲಿ 'ಟ್ಯೂಬುಲೋವಿಲ್ಲಸ್ ಅಡಿನೋಮಾ, ಲೋ ಗ್ರೇಡ್ ಡಿಸ್‌ಪ್ಲೇಸಿಯಾ' ಅಂತಿತ್ತು. ಓದಿ ಎದೆ ಧಸಕ್ಕೆಂದಿತು. ಡಾಕ್ಟರ್ ಬಿಡಿಸಿ ಹೇಳಿದರು. ಅಡಿನೋಮಾ ಅಂದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟು, ಡಿಸ್‌ಪ್ಲೇಸಿಯಾ ಅಂದರೆ ಜೀವಕೋಶಗಳಲ್ಲಿನ ಅಸಹಜ ಬದಲಾವಣೆ, ಲೋ ಗ್ರೇಡ್ ಅಂದರೆ ಆ ಬದಲಾವಣೆ ಕಡಿಮೆ. ಅಡಿನೋಮಾಗಳಲ್ಲಿ ಬರೀ ಟ್ಯೂಬುಲರ್ (ಕೊಳವೆಯಂಥ ರಚನೆ) ಆಗಿರುವುದೇ ಜಾಸ್ತಿ, ಅದರ ಅಪಾಯವೂ ಕಡಿಮೆ. ವಿಲ್ಲಸ್ (ಬೆರಳಿನಂಥ ಎಳೆಗಳ) ಭಾಗ ಇದ್ದರೆ, ಗಾತ್ರ 10 ಮಿ.ಮೀ. ಅಥವಾ ಜಾಸ್ತಿ ಇದ್ದರೆ, ಇಲ್ಲಾ ಹೈ ಗ್ರೇಡ್ ಅಂತಿದ್ದರೆ ಹುಷಾರಾಗಿರಬೇಕು. ಅಪ್ಪನದರಲ್ಲಿ ಮೊದಲೆರಡೂ ಇವೆ. ಸುಮ್ನೆ ಬಿಟ್ಟಿದ್ದರೆ ವರ್ಷಗಳು ಕಳೆದಂತೆ ಕ್ಯಾನ್ಸರ್‌ಗೆ ತಿರುಗಬಹುದಿತ್ತು. ಪುಣ್ಯಕ್ಕೆ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ಕರುಳು ನೋಡುವ ಪರೀಕ್ಷೆ) ಮಾಡುವಾಗಲೇ ತಂತಿಯ ಕುಣಿಕೆ ಹಾಕಿ ಬುಡಸಮೇತ ಕತ್ತರಿಸಿದ್ದಾರೆ, ಅಂಚಿನಲ್ಲಿ ಏನೂ ಉಳಿದಿಲ್ಲ. ಆದರೆ ಹೊಸದು ಹುಟ್ಟಬಹುದು ಅಲ್ವಾ, ಹಾಗಾಗಿ 3 ವರ್ಷಕ್ಕೆ ಮತ್ತೆ ಪರೀಕ್ಷೆ.

ಸೆಸೈಲ್ ಸೆರೇಟೆಡ್ ಅನ್ನೋ ಇನ್ನೊಂದು ಬಗೆಯ ಪಾಲಿಪ್ ಬಗ್ಗೆ ಎಚ್ಚರಿಸಿದವರ ಮಾತು ನಿಜ. ಅದು ಚಪ್ಪಟೆಯಾಗಿರುವುದರಿಂದ ಕಣ್ತಪ್ಪುವುದು ಸುಲಭ, ಕ್ಯಾನ್ಸರ್ ಕೂಡ ಆಗಬಹುದು. ಅಪ್ಪನಿಗೆ ಅದು ಇಲ್ಲ.

ಇಂಥ ಅಡಿನೋಮಾ ಇದ್ದವರ ಮಕ್ಕಳೂ 40ಕ್ಕೇ ಪರೀಕ್ಷೆ ಶುರು ಮಾಡಬೇಕಂತೆ. ಅಣ್ಣನಿಗೆ 42 ಆಯಿತು. ಮುಂದಿನ ವಾರ ಅವನದು.