ಅಮೆರಿಕದ ಚೌಕ ಹೊಲಗಳು ಮತ್ತು ನಮ್ಮ ಸರ್ವೆ ನಂಬರುಗಳು

ಪ್ರಶ್ನೆ

ಉಪಗ್ರಹ ನಕ್ಷೆಯಲ್ಲಿ ಅಮೆರಿಕದ ಕಾನ್ಸಾಸ್, ಅಯೋವಾ ರಾಜ್ಯಗಳನ್ನು ನೋಡಿದರೆ ಹೊಲಗಳೆಲ್ಲ ಚೌಕವಾಗಿದ್ದು, ಮನೆಗಳು ದೂರ ದೂರಕ್ಕೆ ಒಂಟಿಯಾಗಿ ನಿಂತಿರುವುದು ಕಾಣುತ್ತದೆ. ಮಂಡ್ಯ, ತುಮಕೂರಿನ ಕಡೆ ಹೊಲಗಳು ಅಂಕುಡೊಂಕು, ಮನೆಗಳೋ ಊರೊಳಗೆ ಒತ್ತೊತ್ತಾಗಿವೆ. ನಮ್ಮಲ್ಲಿಯೂ ಬ್ರಿಟಿಷರ ಕಾಲದಲ್ಲೇ ಸರ್ವೆ ನಡೆದಿರುವಾಗ ಈ ವ್ಯತ್ಯಾಸ ಏಕೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಅಲ್ಲಿ ಅಳತೆ ಮೊದಲು, ಹಿಡುವಳಿದಾರ ಆಮೇಲೆ. 1785ರ ಶಾಸನದಂತೆ, ಮೂಲನಿವಾಸಿಗಳಿಂದ ಕಿತ್ತುಕೊಂಡ ನೆಲವನ್ನು ಆರು ಮೈಲಿ ಉದ್ದಗಲದ ಟೌನ್‌ಶಿಪ್‌ಗಳಾಗಿಯೂ, ಒಂದೊಂದನ್ನೂ 640 ಎಕರೆಯ 36 ಚೌಕಗಳಾಗಿಯೂ ವಿಂಗಡಿಸಿದರು. ಹಳ್ಳ, ದಿಣ್ಣೆಗಳನ್ನು ಗೆರೆ ಲೆಕ್ಕಿಸಲಿಲ್ಲ. 1862ರ ಹೋಮ್‌ಸ್ಟೆಡ್ ಕಾಯ್ದೆಯು 160 ಎಕರೆಯವರೆಗೆ ಜಮೀನು ಕೊಟ್ಟಿತಾದರೂ ಐದು ವರ್ಷ ಆ ಜಮೀನಿನಲ್ಲೇ ವಾಸವಿದ್ದು ಸಾಗುವಳಿ ಮಾಡಬೇಕೆಂದು ಷರತ್ತು ಹಾಕಿತು. ಒಂದೆಡೆ ಊರು ಕಟ್ಟಿಕೊಂಡು ಹೊಲಕ್ಕೆ ಹೋಗಿಬರುವುದಕ್ಕೆ ಅವಕಾಶವೇ ಉಳಿಯಲಿಲ್ಲ. ಭೂಮಿ ಗುಂಡಗಿರುವುದರಿಂದ ಉತ್ತರಕ್ಕೆ ಹೋದಂತೆ ಉತ್ತರ-ದಕ್ಷಿಣವಾಗಿ ಎಳೆದ ಗೆರೆಗಳು ಹತ್ತಿರವಾಗುತ್ತವೆ. ಅದನ್ನು ಸರಿಪಡಿಸಿದ ಕಡೆಗಳಲ್ಲಿ ನೇರ ರಸ್ತೆ ಥಟ್ಟನೆ ಪಕ್ಕಕ್ಕೆ ಸರಿದು ಮತ್ತೆ ನೇರವಾಗುವುದನ್ನು ತಾವು ನಕ್ಷೆಯಲ್ಲೇ ನೋಡಬಹುದು.

ಉತ್ತರ 2

ನಮ್ಮಲ್ಲಿ ಇದು ತಿರುಗುಮುರುಗು. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಬೊಂಬಾಯಿ ಪದ್ಧತಿಯ ಕಂದಾಯ ಸರ್ವೆ ಆರಂಭವಾದಾಗ ಕೆರೆ, ಕಾಲುವೆ, ಬದು, ಬಂಡಿದಾರಿಗಳೆಲ್ಲ ಆಗಲೇ ಇದ್ದವು. ಮೋಜಣಿಯವರು 33 ಅಡಿಯ ಸರಪಳಿ ಎಳೆದು, ಇದ್ದ ಬದುವನ್ನೇ ಎಲ್ಲೆಯಾಗಿ ಹಿಡಿದು, ಕಲ್ಲು ನೆಟ್ಟು ನಂಬರು ಕೊಟ್ಟರು. (ಆ ಸರಪಳಿಯ ಒಂದು ಚದರವೇ ನಮ್ಮ ಗುಂಟೆ, ನಲವತ್ತು ಸೇರಿದರೆ ಎಕರೆ.) ಮನೆಗಳ ಜಾಗ ಗ್ರಾಮಠಾಣವೆಂದೂ, ಬೇಸಾಯಕ್ಕೆ ಬಾರದ ಕಲ್ಲುನೆಲ, ಹಳ್ಳ, ದಾರಿಗಳು ಖರಾಬೆಂದೂ ದಾಖಲಾದವು. ಕಂದಾಯ ನಿಗದಿಯಾಗಬೇಕಿತ್ತೇ ಹೊರತು ಹೊಸ ಊರು ಕಟ್ಟಬೇಕಿರಲಿಲ್ಲ.

ಹಾಗೆಂದು ಸರ್ವೆಯಿಂದ ಏನೂ ಬದಲಾಗಲಿಲ್ಲವೆನ್ನಲಾಗದು. ಅಣ್ಣತಮ್ಮಂದಿರು ಭಾಗವಾಗುವಾಗ ಒಂದೇ ನಂಬರಿನೊಳಗೆ ಎಲ್ಲರಿಗೂ ದಾರಿಯೂ ನೀರೂ ಸಿಗಲೆಂದು ಉದ್ದುದ್ದಕ್ಕೆ ಸೀಳುತ್ತಾ ಬಂದರೆ ಹೊಲಗಳು ಪಟ್ಟಿಗಳಾಗುತ್ತವೆ; ಪೋಡಿ (ಪಾಲುಗಳನ್ನು ಅಳೆದು ದಾಖಲೆಯಲ್ಲಿ ಬೇರೆ ಮಾಡುವುದು) ಆಗದಿದ್ದರೆ ಒಂದೇ ಪಹಣಿಯಲ್ಲಿ ಹಲವು ಹೆಸರುಗಳು ಉಳಿಯುತ್ತವೆ. ನಕಾಶೆಯಲ್ಲಿ ದಾರಿ ಇದೆಯೇ ಇಲ್ಲವೇ ಎಂಬ ತಕರಾರಂತೂ ಊರೂರಲ್ಲೂ ಉಂಟು.

ಉತ್ತರ 3

ಎಲ್ಲವನ್ನೂ ಸರ್ವೆಯ ತಲೆಗೆ ಕಟ್ಟುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಮಲೆನಾಡಿನಲ್ಲೂ ದಕ್ಷಿಣ ಕನ್ನಡದಲ್ಲೂ ಸರ್ವೆ ನಡೆದಿದೆ. ಆದರೂ ಅಲ್ಲಿ ಮನೆಗಳು ತೋಟ, ಗದ್ದೆಗಳ ಪಕ್ಕದಲ್ಲೇ ಚದುರಿಕೊಂಡಿವೆ. ಮನೆಯ ಹತ್ತಿರವೇ ನೀರು ಸಿಗುವುದೂ, ಅಡಿಕೆ ತೋಟಕ್ಕೆ ದಿನವೂ ಆರೈಕೆ ಬೇಕಾಗುವುದೂ ಅದಕ್ಕೆ ಕಾರಣ. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಜನ ಈಗಲೂ ಜಾಗವನ್ನು ಗುಂಟೆಯಲ್ಲಲ್ಲ, ಸೆಂಟ್ಸಿನಲ್ಲಿ (ಎಕರೆಯ ನೂರರಲ್ಲೊಂದು ಪಾಲು ಒಂದು ಸೆಂಟ್) ಹೇಳುತ್ತಾರೆ. ಸರ್ವೆ ಅಲ್ಲಿ ಲೆಕ್ಕವನ್ನು ಬದಲಿಸಿತೇ ವಿನಾ ಮನೆಗಳನ್ನು ಕದಲಿಸಲಿಲ್ಲ.