ಅಂಬಾಸಿಡರ್‌ಗೆ ಯಾವ ಫ್ಯಾನ್? ನಮ್ಮ ಮನೆಯ ಗುಂಪಿನಲ್ಲಿ ನಡೆದ ಜಗಳ

ಅಜ್ಜ ಕೊಂಡ 1972ರ ಅಂಬಾಸಿಡರ್ ಮಾರ್ಕ್ 2 ಈಗ ಕಾಗದದಲ್ಲಿ ನಾಲ್ಕು ಮನೆಗಳ ಪಾಲು. ನಿಜದಲ್ಲಿ ತೀರ್ಥಹಳ್ಳಿಯ ದೊಡ್ಡಪ್ಪನದು. ಮೇ ತಿಂಗಳಲ್ಲಿ ಉಡುಪಿಯಲ್ಲಿ ಸ್ಮಿತಾಳ ಮದುವೆ. ಮದುವೆ ಮುಗಿಸಿ ವಧೂವರರು ಅದೇ ಕಾರಿನಲ್ಲಿ ಆಗುಂಬೆ ಘಾಟಿ ಹತ್ತಿ ಮನೆಗೆ ಬರಬೇಕೆಂದು ಅವಳ ಹಟ. ಕಳೆದ ಸಲ ಘಾಟಿಯಲ್ಲಿ ಎಂಜಿನ್ನಿನ ನೀರನ್ನು ತಣಿಸುವ ರೇಡಿಯೇಟರ್ ಕುದಿದು ಕಾರು ನಿಂತಿತ್ತು. ಭಾನುವಾರ ಬೆಳಿಗ್ಗೆ ವಿನಯ ಗುಂಪಿಗೆ ಒಂದು ಜಾಹೀರಾತು ಹಾಕಿದ. ನಡುವೆ ಬಂದ ಶುಭೋದಯದ ಚಿತ್ರಗಳನ್ನೂ ಕೈಮುಗಿದ ಗುರುತುಗಳನ್ನೂ (ಬಹುಪಾಲು ಭಾವನವು) ತೆಗೆದು ಉಳಿದದ್ದನ್ನು ಇಲ್ಲಿ ಕೊಟ್ಟಿದ್ದೇನೆ.

ವಿನಯ (ಬೆಂಗಳೂರು): [ಚಿತ್ರ: 16 ಇಂಚಿನ ಎಲೆಕ್ಟ್ರಿಕ್ ಫ್ಯಾನ್. ‘ಯಾವುದೇ ಹಳೆಯ ಕಾರಿಗೆ. 80 ವ್ಯಾಟ್. ಅರ್ಧ ಗಂಟೆಯಲ್ಲಿ ಕೂರಿಸಿ.’] ದೊಡ್ಡಪ್ಪ, ಇದನ್ನು ತರಿಸೋಣವೇ? ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಆ ಹಳೆಯ ತಗಡಿನ ಫ್ಯಾನ್ ಬಿಚ್ಚಿ ಎಸೆದುಬಿಡೋಣ. ಘಾಟಿಯ ಚಿಂತೆಯೇ ಇರುವುದಿಲ್ಲ.

ದೊಡ್ಡಪ್ಪ: ಎಸೆಯುವುದಕ್ಕೆ ಅದೇನು ಬಾಳೆಎಲೆಯೇ? ಉತ್ತರಪಾರಾದ ಕಾರ್ಖಾನೆಯಿಂದ ಬಂದ ಫ್ಯಾನ್. ಅಪ್ಪನ ಕಾಲದಿಂದ ಒಂದು ದಿನವೂ ತಕರಾರು ಮಾಡಿಲ್ಲ.

ವಿನಯ: ತಕರಾರು ಮಾಡದಿದ್ದರೆ ಕಳೆದ ಸಲ ನಾವು ತಿರುವಿನಲ್ಲಿ ಕುಳಿತು ಕೋತಿಗಳಿಗೆ ಕಡಲೆ ಹಾಕಿದ್ದು ಏಕೆ?

ಗಿರಿಜತ್ತೆ (ಶಿವಮೊಗ್ಗ): ಜಗಳಕ್ಕೆ ಮೊದಲು ಒಂದು ಪ್ರಶ್ನೆ. ಅಣ್ಣ, ಕಾರು ಬಿಸಿಯಾಗುವುದು ಓಡುವಾಗಲೋ, ನಿಂತಾಗಲೋ?

ದೊಡ್ಡಪ್ಪ: ಶಿವಮೊಗ್ಗಕ್ಕೆ ಬರುವಾಗ ಮಂಡಗದ್ದೆ, ಗಾಜನೂರಿನ ದಾರಿಯಲ್ಲಿ ಏನೂ ಇಲ್ಲ. ಬಿಸಿ ತೋರಿಸುವ ಸೂಜಿ ಅಲುಗುವುದಿಲ್ಲ. ಘಾಟಿಯಲ್ಲೂ ಎರಡನೆಯ ಗೇರಿನಲ್ಲಿ ಒಂದೇ ಸಮ ಹತ್ತಿದರೆ ತಡೆಯುತ್ತದೆ. ಎದುರಿಗೆ ಬಸ್ಸು ಬಂದು ತಿರುವಿನಲ್ಲಿ ನಿಂತೆವೋ, ಸೂಜಿ ಮೇಲೆ. ನಿಮ್ಮ ಊರಿನ ಸಿಗ್ನಲ್‌ನಲ್ಲೂ ಅದೇ ಕಥೆ.

ಗಿರಿಜತ್ತೆ: ಸರಿ. ಗಂಟೆಗೆ ಐವತ್ತು ಅರವತ್ತು ಕಿಲೋಮೀಟರ್ ವೇಗದಲ್ಲಿ ಗಾಳಿ ತಾನಾಗಿಯೇ ಜಾಲರಿಯೊಳಗೆ ನುಗ್ಗುತ್ತದೆ, ಫ್ಯಾನಿಗೆ ಹೆಚ್ಚು ಕೆಲಸವಿಲ್ಲ. ಆ ವೇಗದಲ್ಲಿ ಬಿಸಿಯಾದರೆ ರೇಡಿಯೇಟರ್ ಕಟ್ಟಿಕೊಂಡಿದೆ, ಇಲ್ಲವೇ ನೀರು ಸರಿಯಾಗಿ ಓಡುತ್ತಿಲ್ಲ ಎಂದರ್ಥ. ನಿಂತಾಗ ಮಾತ್ರ ಬಿಸಿಯಾದರೆ ಮೊದಲ ಅನುಮಾನ ಗಾಳಿಯ ಮೇಲೆ. ಹಾಗಾಗಿ ಫ್ಯಾನಿನ ಮಾತು ಎತ್ತಿದ್ದರಲ್ಲಿ ವಿನಯನ ತಪ್ಪಿಲ್ಲ. ಆ ಜಾಹೀರಾತು ಮಾತ್ರ ಕೆಲಸಕ್ಕೆ ಬಾರದ್ದು.

ವಿನಯ: ಏಕೆ ಅತ್ತೆ?

ಗಿರಿಜತ್ತೆ: ಮೇಲೆ 80 ವ್ಯಾಟ್ ಎಂದಿದೆ, ಕೆಳಗೆ ಸಣ್ಣಕ್ಷರದಲ್ಲಿ 30 ಆಂಪಿಯರ್ ಫ್ಯೂಸ್ ಎಂದಿದೆ. 12 ವೋಲ್ಟಿಗೆ 80 ವ್ಯಾಟ್ ಎಂದರೆ ಏಳು ಆಂಪಿಯರ್‌ಗಿಂತ ಕಡಿಮೆ. ಮೋಟರ್ ಶುರುವಾಗುವ ಕ್ಷಣದಲ್ಲಿ ಎರಡು ಮೂರು ಪಟ್ಟು ಎಳೆಯುತ್ತದೆ, ಒಪ್ಪಿದೆ. ಆದರೂ 30ರ ಫ್ಯೂಸ್ ಏಕೆ? ಒಂದೋ 80 ಸುಳ್ಳು, ಇಲ್ಲವೇ ಫ್ಯೂಸ್ ಬರೆದವನಿಗೆ ಫ್ಯೂಸ್ ಏಕೆ ಹಾಕುತ್ತಾರೆಂದು ಗೊತ್ತಿಲ್ಲ. ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವಳ ಮುಂದೆ ಇಂಥದ್ದನ್ನು ಹಾಕಬೇಡ.

ವಿನಯ: ಆಯಿತು, ಬೇರೆ ಒಳ್ಳೆಯ ಕಂಪನಿಯದು ತರೋಣ. ಮಾರುತಿ 800ರ ಫ್ಯಾನನ್ನೇ ಅಂಬಾಸಿಡರ್‌ಗೆ ಕೂರಿಸಿಕೊಂಡವರಿದ್ದಾರೆ.

ಚಿಕ್ಕಪ್ಪ (ಹುಬ್ಬಳ್ಳಿ): ಈಗ ನೋಡಿದೆ. ವಿನಯ, ಆ ಚಿತ್ರವನ್ನು ದೊಡ್ಡದು ಮಾಡಿ ನೋಡು. ಫ್ಯಾನನ್ನು ಯಾವುದರಿಂದ ಕಟ್ಟಿದ್ದಾರೆ? ರೇಡಿಯೇಟರಿನ ರೆಕ್ಕೆಗಳ ನಡುವೆ ತೂರಿಸಿದ ಪ್ಲಾಸ್ಟಿಕ್ ಕಡ್ಡಿಗಳು. ಅರ್ಧ ಗಂಟೆಯಲ್ಲಿ ಕೂರಿಸಬಹುದು, ನಿಜ. ಆಮೇಲೆ ಕಾರು ಅದುರಿದಂತೆಲ್ಲ ಆ ಕಡ್ಡಿ ಪಕ್ಕದ ನೀರಿನ ಕೊಳವೆಯನ್ನು ಉಜ್ಜುತ್ತದೆ. ಕೊಳವೆ ತೂತಾಗುವುದು ಮನೆ ಮುಂದೆ ಅಲ್ಲ, ಘಾಟಿಯಲ್ಲೇ. ಕೂರಿಸುವುದಾದರೆ ಎರಡೂ ಬದಿಯ ಚೌಕಟ್ಟಿಗೆ ಕಬ್ಬಿಣದ ಪಟ್ಟಿ ಹಾಕಿ ಬೋಲ್ಟ್ ಬಿಗಿಯಬೇಕು. ಫ್ಯಾನಿನ ಭಾರ ರೇಡಿಯೇಟರಿನ ಮೈಮೇಲೆ ಬೀಳಬಾರದು.

ದೊಡ್ಡಪ್ಪ: ಹೇಳು ತಮ್ಮ, ಹೇಳು.

ಚಿಕ್ಕಪ್ಪ: ನಿನ್ನ ಪರವಾಗಿ ಹೇಳುತ್ತಿಲ್ಲ ಅಣ್ಣ. ನಿನ್ನ ಸರದಿ ಆಮೇಲೆ ಬರುತ್ತದೆ.

ನಾನು: ನನ್ನ ಪ್ರಶ್ನೆ ಕರೆಂಟಿನದು. ನಮ್ಮ ಕಾರಿನಲ್ಲಿ ಕರೆಂಟ್ ಹುಟ್ಟಿಸುವುದು ಹಳೆಯ ಕಾಲದ ಡೈನಮೊ ಅಲ್ಲವೇ?

ಗಿರಿಜತ್ತೆ: ಅಲ್ಲಿಗೇ ಬರುತ್ತಿದ್ದೆ. ಆ ಕಾಲದ ಲೂಕಾಸ್ ಮಾದರಿಯ ಡೈನಮೊ ಜೋರಾಗಿ ತಿರುಗಿದಾಗ ಕೊಡುವುದು ಸುಮಾರು 22 ಆಂಪಿಯರ್. ಮೇ ತಿಂಗಳ ಸಂಜೆ, ಆಗುಂಬೆ, ಮಳೆ ಎಂದಿಟ್ಟುಕೊಳ್ಳಿ. ಎರಡು ಹೆಡ್‌ಲೈಟ್ 45 ವ್ಯಾಟಿನವಾದರೆ ಏಳೂವರೆ ಆಂಪಿಯರ್. ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್‌ಗೆ ಮೂರೂವರೆ. ವೈಪರ್‌ಗೆ ಮೂರು. ಹಿಂದಿನ ದೀಪ, ಮೀಟರಿನ ದೀಪಗಳಿಗೆ ಎರಡು. ಅಲ್ಲಿಗೆ ಹದಿನಾರು. ಅದರ ಮೇಲೆ ಹನ್ನೆರಡು ಆಂಪಿಯರ್ ಎಳೆಯುವ ಫ್ಯಾನ್ ಹಾಕಿದರೆ ಇಪ್ಪತ್ತೆಂಟು. ಉಳಿದ ಆರನ್ನು ಬ್ಯಾಟರಿ ಕೈಯಿಂದ ಹಾಕಬೇಕು. ಇದು ಎಂಜಿನ್ ಜೋರಾಗಿ ತಿರುಗುವಾಗಿನ ಲೆಕ್ಕ. ನಿಂತಾಗ ಏನಾಗುತ್ತದೆಂದು ಅಣ್ಣನನ್ನೇ ಕೇಳಿ.

ದೊಡ್ಡಪ್ಪ: ನಿಂತಾಗ ಮೀಟರಿನ ಪಕ್ಕದ ಕೆಂಪು ದೀಪ ಮಿಣುಕುತ್ತದೆ.

ಗಿರಿಜತ್ತೆ: ಮಿಣುಕುವುದೆಂದರೆ ಡೈನಮೊ ಏನನ್ನೂ ಕೊಡುತ್ತಿಲ್ಲ. ನಮಗೆ ಫ್ಯಾನ್ ಬೇಕಾಗಿರುವುದೇ ನಿಂತಾಗ. ಆಗ ಇಡೀ ಹನ್ನೆರಡು ಆಂಪಿಯರ್ ಬ್ಯಾಟರಿಯಿಂದಲೇ ಹೋಗುತ್ತದೆ. ಮದುಮಗಳು ಸೀರೆ ಎತ್ತಿಕಟ್ಟಿ ತಿರುವಿನಲ್ಲಿ ಕಾರು ತಳ್ಳಬೇಕೇ?

ಸ್ಮಿತಾ: ನಾನು ತಳ್ಳುವುದಿಲ್ಲ. ಬೇಕಾದರೆ ಅವರು ತಳ್ಳಲಿ.

ವಿನಯ: ಡೈನಮೊ ತೆಗೆದು, ಈಗಿನ ಕಾರುಗಳಲ್ಲಿರುವ ಆಲ್ಟರ್ನೇಟರ್ ಹಾಕಿಸೋಣ. 35–40 ಆಂಪಿಯರ್ ಸಿಗುತ್ತದೆ, ನಿಂತಾಗಲೂ ಒಂದಿಷ್ಟು ಚಾರ್ಜ್ ಆಗುತ್ತದೆ.

ನಾನು: ಹಾಗಾದರೆ ಸರಿ. ಇಂಗ್ಲೆಂಡಿನ ಎಂಜಿಬಿ ಸ್ಪೋರ್ಟ್ಸ್ ಕಾರಿನಲ್ಲಿದ್ದದ್ದು ನಮ್ಮ 1489 ಸಿಸಿ ಎಂಜಿನ್ನಿನ ಕುಲದ್ದೇ, ಬಿಎಂಸಿ (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಕಂಪನಿಯ ಬಿ ಸರಣಿ. ಅವರು 1967ರಲ್ಲಿ ಡೈನಮೊ ಬಿಟ್ಟು ಆಲ್ಟರ್ನೇಟರ್‌ಗೆ ಹೋದರು, ಪಾಸಿಟಿವ್ ಅರ್ತ್ ಬಿಟ್ಟು ನೆಗೆಟಿವ್ ಮಾಡಿದರು. ಎಲೆಕ್ಟ್ರಿಕ್ ಫ್ಯಾನ್ ಬಂದದ್ದು ಅದಾಗಿ ಸುಮಾರು ಒಂಬತ್ತು ವರ್ಷದ ಮೇಲೆ. ನೀನು ಕೊನೆಯ ಮೆಟ್ಟಿಲಿನಿಂದ ಶುರು ಮಾಡುತ್ತಿದ್ದೀಯ.

ವಿನಯ: ಪಾಸಿಟಿವ್ ಅರ್ತ್ ಎಂದರೆ?

ಚಿಕ್ಕಪ್ಪ: ಬ್ಯಾಟರಿಯ ಪ್ಲಸ್ ತುದಿ ಕಾರಿನ ಲೋಹದ ಮೈಗೆ ಸೇರಿರುತ್ತದೆ. ಅಣ್ಣ ಬಾನೆಟ್ ಎತ್ತಿದರೆ ಕಾಣುತ್ತದೆ. ಅದನ್ನು ನೋಡದೆ ಈಗಿನವರ ಹಾಗೆ ಕಪ್ಪು ತಂತಿಯನ್ನು ಕಾರಿನ ಮೈಗೆ ಕೊಟ್ಟರೆ ಫ್ಯಾನ್ ಉಲ್ಟಾ ತಿರುಗುತ್ತದೆ. ತಿರುಗುವ ಸದ್ದು ಬರುತ್ತದೆ, ಗಾಳಿ ಬಿಸಿ ಎಂಜಿನ್ನಿನ ಕಡೆಯಿಂದ ಮುಂದಕ್ಕೆ ಬೀಸುತ್ತದೆ, ಎದುರಿನ ಗಾಳಿಯ ಜೊತೆ ಗುದ್ದಾಡುತ್ತದೆ. ಫ್ಯಾನ್ ಹಾಕಿಸಿದ ಮೇಲೆ ಇನ್ನೂ ಬಿಸಿಯಾಗುತ್ತಿದೆ ಎಂದು ಅಳುತ್ತಾ ಬಂದವರನ್ನು ಕಂಡಿದ್ದೇನೆ. ರೇಡಿಯೇಟರ್ ಮುಂದೆ ಒಂದು ಕಾಗದ ಹಿಡಿದರೆ ಗೊತ್ತಾಗುತ್ತದೆ: ಒಳಗೆ ಅಂಟಿಕೊಳ್ಳಬೇಕು.

ಭಾವ: 🙏🙏

ದೊಡ್ಡಪ್ಪ: ಅಲ್ಲಿಗೆ ತೀರ್ಮಾನವಾಯಿತು. ಇದ್ದದ್ದು ಇದ್ದ ಹಾಗೆ.

ಚಿಕ್ಕಪ್ಪ: ಈಗ ನಿನ್ನ ಸರದಿ ಅಣ್ಣ. ಆ ಫ್ಯಾನನ್ನು ಕೊನೆಯ ಸಲ ಬಿಚ್ಚಿ ನೋಡಿದ್ದು ಯಾವಾಗ?

ದೊಡ್ಡಪ್ಪ: ಬಿಚ್ಚುವುದೇಕೆ? ಪ್ರತಿ ಆಯುಧಪೂಜೆಗೆ ಒರೆಸಿ ಕೆಂಪು ಬಣ್ಣ ಹೊಡೆಯುತ್ತೇನೆ.

ಚಿಕ್ಕಪ್ಪ: ಅದೇ ನನ್ನ ಭಯ. ಬಣ್ಣದ ಕೆಳಗೆ ಏನಿದೆ ಎಂದು ದೇವರಿಗೇ ಗೊತ್ತು. ತಗಡಿನ ರೆಕ್ಕೆ ಐವತ್ತು ವರ್ಷ ಅದುರಿದೆ. ಲೋಹಕ್ಕೆ ದಣಿವಾಗುವುದು ನಡುಭಾಗದಲ್ಲಿ ಅಲ್ಲ, ರೆಕ್ಕೆ ಬುಡದಲ್ಲಿ, ರಿವೆಟ್ ಇರುವ ಕಡೆ. ಡಿಪೋದ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವಾಗ ರೆಕ್ಕೆಯೊಂದು ಕಿತ್ತು ರೇಡಿಯೇಟರನ್ನು ಸೀಳಿ ಹೋದದ್ದನ್ನು ನೋಡಿದ್ದೇನೆ. ಅಂದಿನಿಂದ ಎಂಜಿನ್ ರೇಸ್ ಮಾಡುವಾಗ ಫ್ಯಾನಿನ ನೇರಕ್ಕೆ ನಾನು ನಿಲ್ಲುವುದಿಲ್ಲ, ಯಾರನ್ನೂ ನಿಲ್ಲಲು ಬಿಡುವುದಿಲ್ಲ.

ಗಿರಿಜತ್ತೆ: ಅಣ್ಣ, ತುದಿಯಿಂದ ತುದಿಗೆ ಎಷ್ಟಿದೆ?

ದೊಡ್ಡಪ್ಪ: ತಾಳು. … 35 ಸೆಂಟಿಮೀಟರ್.

ಗಿರಿಜತ್ತೆ: ಬೆಲ್ಟ್ ಸುತ್ತುವ ಎರಡೂ ಪುಲ್ಲಿ (ಎಂಜಿನ್ನಿನದು, ಫ್ಯಾನಿನದು) ಒಂದೇ ಅಳತೆಯವು ಎಂದಿಟ್ಟುಕೊಂಡರೆ, ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುವಾಗ ರೆಕ್ಕೆಯ ತುದಿ ಗಂಟೆಗೆ ಸುಮಾರು 260 ಕಿಲೋಮೀಟರ್ ವೇಗದಲ್ಲಿರುತ್ತದೆ.

ಸ್ಮಿತಾ: ದೊಡ್ಡಪ್ಪ, ಕಾರು 80 ದಾಟುವುದಿಲ್ಲ ಎಂದು ನೀವು ಹೇಳುತ್ತಿದ್ದಿರಿ.

ಚಿಕ್ಕಪ್ಪ: ಕೆಲಸ ಹೇಳುತ್ತೇನೆ, ಇವತ್ತೇ ಮಾಡು. ಮೊದಲು ಎಂಜಿನ್ ತಣ್ಣಗಿರುವಾಗ ಫ್ಯಾನ್ ಹಿಡಿದು ಹಿಂದಕ್ಕೂ ಮುಂದಕ್ಕೂ ಅಲುಗಿಸು. ಲಟಪಟ ಎಂದರೆ, ಫ್ಯಾನ್ ಕೂತಿರುವ ವಾಟರ್ ಪಂಪಿನ ಬೇರಿಂಗ್ ಹೋಗಿದೆ. ಯಾವ ಫ್ಯಾನ್ ಹಾಕಿದರೂ ಅದು ಒಂದು ದಿನ ರೇಡಿಯೇಟರಿಗೆ ಹೊಡೆಯುತ್ತದೆ. ಬೆಲ್ಟನ್ನು ನಡುವೆ ಒತ್ತು, ಅರ್ಧ ಇಂಚು ಬಗ್ಗಬೇಕು. ಹೆಚ್ಚು ಬಗ್ಗಿದರೆ ನಿನ್ನ ಫ್ಯಾನ್ ಜಾರುತ್ತಿದೆ. ಆಮೇಲೆ ನಾಲ್ಕು ಬೋಲ್ಟ್ ಬಿಚ್ಚಿ ಫ್ಯಾನ್ ಹೊರಗೆ ತೆಗೆ. ಬುಡದ ಬಣ್ಣವನ್ನು ಪೂರ್ತಿ ಕೆರೆ. ಸೀಮೆಎಣ್ಣೆಯಲ್ಲಿ ಅರ್ಧ ಗಂಟೆ ನೆನೆಹಾಕು. ಹೊರಗೆ ತೆಗೆದು ಬಟ್ಟೆಯಿಂದ ಚೆನ್ನಾಗಿ ಒರೆಸಿ ಒಣಗಿಸು. ಸೀಮೆಸುಣ್ಣವನ್ನು ಪುಡಿಮಾಡಿ ಬುಡದ ಮೇಲೆ ತೆಳ್ಳಗೆ ಸವರು. ಕಾಫಿ ಕುಡಿದು ಬಂದು ನೋಡು. ಬಿರುಕು ಇದ್ದರೆ ಒಳಗೆ ಹೊಕ್ಕ ಎಣ್ಣೆ ಹೊರಗೆ ಒಸರಿ ಬಿಳಿ ಪುಡಿಯ ಮೇಲೆ ಗೆರೆ ಮೂಡುತ್ತದೆ.

ದೊಡ್ಡಪ್ಪ: ಸೀಮೆಎಣ್ಣೆ ಈಗ ಎಲ್ಲಿ ಸಿಗುತ್ತದೆ?

ಗಿರಿಜತ್ತೆ: ಅಟ್ಟದ ಮೇಲೆ ಅಮ್ಮನ ಕ್ಯಾನ್ ಇದೆ. ನೀನು ಯಾವುದನ್ನೂ ಎಸೆಯುವವನಲ್ಲ.

(ಇಲ್ಲಿ ಗುಂಪು ಮಧ್ಯಾಹ್ನದ ಊಟಕ್ಕೆ ತೆಪ್ಪಗಾಯಿತು. ವಿನಯ ಮಾತ್ರ ಸೋತವನಲ್ಲ.)

ವಿನಯ: ಒಂದು ವಿಷಯಕ್ಕೆ ಉತ್ತರ ಕೊಡಿ. ಎಂಜಿನ್ ಆರಿಸಿದರೆ ಹಳೆಯ ಫ್ಯಾನ್ ನಿಲ್ಲುತ್ತದೆ. ಎಲೆಕ್ಟ್ರಿಕ್ ಆದರೆ ಆಮೇಲೂ ತಿರುಗಿ ತಣಿಸುತ್ತದೆ.

ನಾನು: ರೇಡಿಯೇಟರಿನಲ್ಲಿರುವ ನೀರನ್ನು ತಣಿಸುತ್ತದೆ. ಎಂಜಿನ್ನಿನೊಳಗೆ ಸಿಕ್ಕಿಕೊಂಡ ನೀರನ್ನಲ್ಲ. ಎಂಜಿನ್ ಆರಿದರೆ ಪಂಪ್ ನಿಲ್ಲುತ್ತದೆ, ನೀರು ಹೆಚ್ಚುಕಡಿಮೆ ಅಲ್ಲಲ್ಲೇ ನಿಂತು ಬಿಸಿಯಾಗುತ್ತದೆ. ದೊಡ್ಡಪ್ಪ ಪೆಟ್ರೋಲ್ ಉಳಿಸಲು ತಿರುವಿನಲ್ಲಿ ಕೂಡಲೇ ಕೀಲಿ ತಿರುಗಿಸುತ್ತಾರೆ. ಕುದಿಯುವುದು ಆಮೇಲೆ.

ಚಿಕ್ಕಪ್ಪ: ಸರಿಯಾಗಿ ಹೇಳಿದೆ. ಘಾಟಿ ಹತ್ತಿ ನಿಂತಾಗ ಎಂಜಿನ್ನನ್ನು ಎರಡು ನಿಮಿಷ ಸ್ವಲ್ಪ ಜೋರಾಗಿ ಓಡಿಸಿ ಆಮೇಲೆ ಆರಿಸಬೇಕು. ಇನ್ನೊಂದು ಮಾತು ವಿನಯ. ತಾನಾಗಿ ತಿರುಗುವ ಫ್ಯಾನಿಗೆ ಕೈ ಯಾರದ್ದೆಂದು ಗೊತ್ತಾಗುವುದಿಲ್ಲ. ಕೀಲಿ ಜೇಬಿನಲ್ಲಿದೆ ಎಂದು ಬೆಲ್ಟ್ ಮುಟ್ಟಲು ಹೋದರೆ, ಬಿಸಿಯಾದಾಗ ಕೂಡುವ ಸ್ವಿಚ್ ತಾನೇ ಕೂಡಿಕೊಂಡು ಫ್ಯಾನ್ ತಿರುಗಿಬಿಡುತ್ತದೆ. ಮುಂದೆ ಯಾವತ್ತಾದರೂ ಹಾಕಿಸಿದರೆ ಇಗ್ನಿಷನ್ ಕೀಲಿಯ ಮೂಲಕವೇ ರಿಲೇಗೆ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಕೂಡಿಸುವ ಸ್ವಿಚ್ಚಿಗೆ) ಕೊಡಬೇಕು. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್, ದಪ್ಪ ತಂತಿ. ಹೆಡ್‌ಲೈಟಿನ ಸ್ವಿಚ್‌ನಿಂದ ಎಳೆದ ತಂತಿ ಕರಗುತ್ತದೆ.

ವಿನಯ: ಹಾಗಾದರೆ ನಿಂತಾಗ ಗಾಳಿ ಹೆಚ್ಚಿಸುವುದು ಹೇಗೆ? ಅದನ್ನು ಯಾರೂ ಹೇಳುತ್ತಿಲ್ಲ.

ಗಿರಿಜತ್ತೆ: ಅಣ್ಣ, ಫ್ಯಾನಿನ ಸುತ್ತ ತಗಡಿನ ಬಳೆ ಇದೆಯೇ?

ದೊಡ್ಡಪ್ಪ: ಏನೂ ಇಲ್ಲ. ಬಯಲು.

ಗಿರಿಜತ್ತೆ: ಹಾಗಾದರೆ ಫ್ಯಾನ್ ತನ್ನೆದುರಿನ ವೃತ್ತದಿಂದಷ್ಟೇ ಗಾಳಿ ಎಳೆಯುತ್ತಿದೆ, ನಾಲ್ಕು ಮೂಲೆ ಸುಮ್ಮನಿವೆ. ಅಂಚಿನಿಂದ ಬಿಸಿ ಗಾಳಿಯೇ ಸುತ್ತಿ ಮತ್ತೆ ಒಳಗೆ ಬರುತ್ತದೆ. ರೇಡಿಯೇಟರಿನ ಅಗಲಕ್ಕೂ ಹೊಂದುವ ಒಂದು ಗೂಡು ಮಾಡಿಸಿ, ಫ್ಯಾನಿನ ಜಾಗದಲ್ಲಿ ದುಂಡಗೆ ತೂತು ಬಿಡಿಸು. ರೆಕ್ಕೆಯ ದಪ್ಪದಲ್ಲಿ ಅರ್ಧ ಗೂಡಿನೊಳಗೆ, ಅರ್ಧ ಹೊರಗೆ.

ಚಿಕ್ಕಪ್ಪ: ಸುತ್ತಲೂ ಒಂದು ಇಂಚಿನಷ್ಟು ಸಡಿಲ ಬಿಡಿಸು. ಎಂಜಿನ್ ರಬ್ಬರಿನ ಮೇಲೆ ಕುಳಿತು ಅಲುಗುತ್ತದೆ, ಗೂಡು ಕಾರಿನ ಮೈಗೆ ಬಿಗಿದಿರುತ್ತದೆ. ತೀರ್ಥಹಳ್ಳಿಯ ಯಾವ ಟಿಂಕರ್ ಬೇಕಾದರೂ ಒಂದು ಮಧ್ಯಾಹ್ನದಲ್ಲಿ ಮಾಡಿಕೊಡುತ್ತಾನೆ. ಎಂಜಿನ್ನಿನ ಹಳೆಯ ಟೈಮಿಂಗನ್ನೂ ನೋಡಿಸು; ಕಿಡಿ ತಡವಾದರೆ ಬಿಸಿ ಹೆಚ್ಚುತ್ತದೆ, ಫ್ಯಾನಿಗೆ ಬೈಗುಳ ಬೀಳುತ್ತದೆ.

(ಸಂಜೆ ನಾಲ್ಕು ದಾಟಿತ್ತು.)

ದೊಡ್ಡಪ್ಪ: [ಚಿತ್ರ: ಹಾಲುಬಿಳುಪಿನ ಪುಡಿ, ರಿವೆಟ್ಟಿನಿಂದ ಅಂಚಿನ ಕಡೆಗೆ ಕೂದಲೆಳೆಯಂಥ ಕಂದು ಗೆರೆ.] ಇದು ಗೀರು. ಕೆರೆಯುವಾಗ ಚಾಕು ತಾಗಿದ್ದು.

ಚಿಕ್ಕಪ್ಪ: ಗೀರು ಎಣ್ಣೆ ಒಸರುವುದಿಲ್ಲ ಅಣ್ಣ.

ದೊಡ್ಡಪ್ಪ: ವೆಲ್ಡಿಂಗ್ ಮಾಡಿಸುತ್ತೇನೆ.

ಚಿಕ್ಕಪ್ಪ: ಬೇಡ. ವೆಲ್ಡಿಂಗ್ ಆದ ಕಡೆ ಲೋಹ ಬಿಸಿಯಾಗಿ ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ. ಒಂದು ರೆಕ್ಕೆ ಭಾರವಾಗಿ ತೂಕ ತಪ್ಪಿ ಬೇರಿಂಗ್ ತಿನ್ನುತ್ತದೆ. ಇನ್ನು ಆ ಫ್ಯಾನ್ ಕಾರಿನ ಮೇಲೆ ಹೋಗಬಾರದು. ಬೇಕಾದರೆ ಗೋಡೆಗೆ ತೂಗುಹಾಕು.

ವಿನಯ: ಎಲೆಕ್ಟ್ರಿಕ್?

ಗಿರಿಜತ್ತೆ: ಮದುವೆಯಾದ ಮೇಲೆ. ಮೊದಲು ಆಲ್ಟರ್ನೇಟರ್ ಹಾಕಿಸಿ, ತಂತಿಗಳನ್ನು ಹೊಸದು ಮಾಡಿಸಿ, ಆಮೇಲೆ ಮಾತಾಡು. ಈಗ ಅದೇ ನಾಲ್ಕು ತೂತಿಗೆ ಕೂರುವ ಹೊಸ ಫ್ಯಾನ್. ಪ್ಲಾಸ್ಟಿಕ್ಕಿನದು ಸಿಕ್ಕರೆ ಇನ್ನೂ ಒಳ್ಳೆಯದು, ಹಗುರ. ಜೊತೆಗೆ ತಗಡಿನ ಗೂಡು. ಖರ್ಚು ನಾಲ್ಕು ಪಾಲು.

ಭಾವ: ನಮ್ಮದು ಎಷ್ಟು?

(ದಿನವಿಡೀ ಭಾವ ಅಕ್ಷರದಲ್ಲಿ ಬರೆದದ್ದು ಇಷ್ಟೇ.)

ವಿನಯ: ನಾಳೆ ಇಲ್ಲಿ ಬಿಡಿಭಾಗದ ಅಂಗಡಿಗಳಿರುವ ಜೆಸಿ ರಸ್ತೆಯಲ್ಲಿ ವಿಚಾರಿಸುತ್ತೇನೆ. ದೊಡ್ಡಪ್ಪ, ತೂತಿನಿಂದ ತೂತಿಗೆ ಅಳತೆ ಕಳುಹಿಸಿ. ನಡುವಿನ ತೂತಿನದೂ ಬೇಕು.

ದೊಡ್ಡಪ್ಪ: ಕಳುಹಿಸುತ್ತೇನೆ. ಪ್ಲಾಸ್ಟಿಕ್ಕಾದರೂ ಸರಿ, ಹಳದಿ ಬೇಡ. ಬೋಲ್ಟು, ಲಾಕ್ ವಾಷರ್ ಹೊಸದೇ ತಾ. ಹಳೆಯದರಲ್ಲಿ ಒಂದರ ತಲೆ ಸವೆದಿದೆ.